ಅಂಜಿಕೆಯ ಒಂದು ವರ್ಷ



ದೇವರನ್ನು ನಂಬಿದವರಿಗೆ ಭಯ ಎಲ್ಲಿಯದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಈ ಮಾತು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ತಲ್ಲಣಿಸಿದರು. ಬರಲಿರುವುದು ತಪ್ಪಿಹೋಗಲಿ ಎಂದು ತಂದೆಯನ್ನು ಬೇಡಿಕೊಂಡರು. ಜೊತೆಗೆ ಎಚ್ಚರವಾಗಿರಿ ಎಂದು ಶಿಷ್ಯರಲ್ಲಿ ಕೇಳಿಕೊಂಡರೆ, ಅವರೋ ನಿದ್ದೆ ಹೋದರು. ಸ್ವಾಮಿಗೇ ಬಂದ ತಳಮಳ ಭಕ್ತರಿಗೆ ಬರಕೂಡದು ಎನ್ನಲು ನಾವು ಯಾರು?

ಹಾಗಾಗಿ ಇವತ್ತು ಸಿದ್ಧಾಂತ ಬೇಡ. ಒಬ್ಬರ ಬದುಕಿನ ಒಂದು ವರ್ಷವನ್ನು ನೋಡೋಣ.

ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮೆರಿ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ನಾಲ್ಕು ದಿನಕ್ಕೆ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. ಚಳವಳಿಯ ಮುಂದಾಳತ್ವ ಬಂದದ್ದು ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಸಭೆಯ ಪಾಲಕ ಮಾರ್ಟಿನ್ ಲೂಥರ್ ಕಿಂಗ್ ಹೆಗಲಿಗೆ. ಆಗ ಅವರಿಗೆ 26 ವರ್ಷ. ಬಾಸ್ಟನ್ ವಿಶ್ವವಿದ್ಯಾಲಯದಿಂದ ಅದೇ ವರ್ಷ ಡಾಕ್ಟರೇಟ್ ಪಡೆದಿದ್ದರು. ಇಬ್ಬರು ಚಿಂತಕರು ದೇವರನ್ನು ಹೇಗೆ ಕಂಡರು ಎಂಬುದೇ ಪ್ರಬಂಧದ ವಿಷಯ.

ಬೆದರಿಕೆ ಕರೆಗಳು ದಿನವೂ ಬರುತ್ತಿದ್ದವು. 1956ರ ಜನವರಿ 26ರಂದು, ಕಾರನ್ನು ಮಿತಿ ಮೀರಿ ಓಡಿಸಿದರೆಂದು ಪೊಲೀಸರು ಅವರನ್ನು ಹಿಡಿದು ಲಾಕಪ್ಪಿಗೆ ಹಾಕಿದರು. ಮರುದಿನ ರಾತ್ರಿ ಇನ್ನೊಂದು ಕರೆ: ಈ ಊರಿಗೆ ಯಾಕಾದರೂ ಬಂದೆನೋ ಅನ್ನುವ ಹಾಗೆ ಮಾಡುತ್ತೇವೆ. ಹೆಂಡತಿ ಕೊರೆಟ್ಟಾ ಮಲಗಿದ್ದರು, ಮಗು ಯೊಲಾಂಡಾಗೆ ಮೂರು ತಿಂಗಳೂ ತುಂಬಿರಲಿಲ್ಲ. ಕಿಂಗ್‌ಗೆ ನಿದ್ದೆ ಹಾರಿಹೋಯಿತು. ಅತ್ತಿಂದಿತ್ತ ಓಡಾಡಿದರು, ಅಡುಗೆಮನೆಗೆ ಹೋಗಿ ಕಾಫಿ ಕಾಸಿಕೊಂಡರು, ಕುಡಿಯಲಿಲ್ಲ. ಹೇಡಿ ಅನ್ನಿಸಿಕೊಳ್ಳದೆ ಇದರಿಂದ ಜಾರಿಕೊಳ್ಳುವುದು ಹೇಗೆ ಎಂದು ಲೆಕ್ಕ ಹಾಕಿದರಂತೆ. ಇದನ್ನು ಅವರೇ ಬರೆದಿಟ್ಟಿದ್ದಾರೆ, ಯಾವ ವಿರೋಧಿಯೂ ಕಟ್ಟಿದ ಕಥೆಯಲ್ಲ. ಕೊನೆಗೆ ಮೇಜಿನ ಮೇಲೆ ಬಾಗಿ, ಗಟ್ಟಿಯಾಗಿಯೇ ಪ್ರಾರ್ಥಿಸಿದರು: ನನ್ನ ಕೈಲಾಗುತ್ತಿಲ್ಲ, ಧೈರ್ಯ ಉಳಿದಿಲ್ಲ, ನಾನು ಕುಸಿದರೆ ನನ್ನನ್ನು ನೋಡಿಕೊಂಡಿರುವ ಜನವೂ ಕುಸಿದಾರು.

ದೇವರನ್ನು ಕುರಿತು ಪ್ರಬಂಧ ಬರೆದವರು ಈಗ ದೇವರೊಡನೆಯೇ ಮಾತಿಗೆ ಕೂತಿದ್ದರು. 23ನೆಯ ಕೀರ್ತನೆಯಲ್ಲೂ ಹೀಗೇ ಆಗುತ್ತದೆ. ಹಸಿರು ಹುಲ್ಲುಗಾವಲಿನಲ್ಲಿ ಇರುವಷ್ಟು ಹೊತ್ತು ಕುರುಬನ ವಿಚಾರ ಹೇಳುತ್ತಿದ್ದವನು ಕಗ್ಗತ್ತಲ ಕಣಿವೆಗೆ ಇಳಿದೊಡನೆ ಕುರುಬನನ್ನೇ ಮಾತಾಡಿಸುತ್ತಾನೆ. ಕಣಿವೆಯೇನೂ ಮಾಯವಾಗುವುದಿಲ್ಲ. ಕಿಂಗ್‌ಗೂ ಆ ರಾತ್ರಿ ಸಿಕ್ಕಿದ್ದು ರಕ್ಷಣೆಯ ಭರವಸೆಯಲ್ಲ, ನ್ಯಾಯದ ಪರ ನಿಲ್ಲು, ನಾನು ಜೊತೆಗಿದ್ದೇನೆ ಎಂಬ ಒಳದನಿ.

ಮೂರೇ ದಿನಕ್ಕೆ, ಜನವರಿ 30ರ ರಾತ್ರಿ, ಮನೆಯ ಜಗಲಿಯಲ್ಲಿ ಬಾಂಬ್ ಸಿಡಿಯಿತು. ಹೆಂಡತಿ, ಮಗು ಉಳಿದುಕೊಂಡರು. ಸಭೆಯೊಂದರಲ್ಲಿದ್ದ ಕಿಂಗ್ ಓಡಿ ಬಂದಾಗ ಅಂಗಳದಲ್ಲಿ ನೂರಾರು ಜನ, ಕೆಲವರ ಕೈಯಲ್ಲಿ ಆಯುಧ. ಒಡೆದ ಜಗಲಿಯ ಮೇಲೇ ನಿಂತು, ಆಯುಧವಿದ್ದವರು ಮನೆಗೆ ಒಯ್ಯಿರಿ, ಹಗೆಗಳನ್ನು ಪ್ರೀತಿಸಬೇಕು ಎಂದರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಇದರ ಮುಂದಿನದು. ಅಂಥ ಮಾತಾಡಿದ ಕಿಂಗ್ ಕೆಲವೇ ದಿನಗಳಲ್ಲಿ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದರು! ಸಿಗಲಿಲ್ಲ. ಗಂಡಹೆಂಡತಿ ಕೂತು ಯೋಚಿಸಿ ಮನೆಯಲ್ಲಿದ್ದ ಆಯುಧವನ್ನೂ ದೂರ ಮಾಡಿದರು. ಮನೆಯಲ್ಲಿ ಬಂದೂಕು ಇದ್ದಾಗಲೇ ಹೆಚ್ಚು ಹೆದರಿದ್ದೆ, ಅದನ್ನು ಬಿಟ್ಟ ಮೇಲೆ ಸಾವಿನ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾಯಿತು ಎಂದು ಆಮೇಲೆ ಹೇಳಿದರು. ಅಡುಗೆಮನೆಯಲ್ಲಿ ಸಿಕ್ಕಿದ ನಂಬಿಕೆ ಕೈಗೆ, ಕಾಲಿಗೆ ಇಳಿಯಲು ಅಷ್ಟು ಸಮಯ ಹಿಡಿಯಿತು.

381 ದಿನಗಳ ಚಳವಳಿ ಗೆದ್ದಿತು. 1957ರ ಜನವರಿಯಲ್ಲಿ ಮತ್ತೆ ಬಾಂಬುಗಳು, ಈ ಬಾರಿ ಚರ್ಚುಗಳ ಮೇಲೆ. ಇದೆಲ್ಲ ತನ್ನಿಂದಲೇ ಆಯಿತೇ ಎಂಬ ಕೊರಗು ಕಿಂಗ್ ಅವರನ್ನು ಕಾಡುತ್ತಿತ್ತು. ಒಂದು ಸಭೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಹಾಗೇ ದುಃಖ ಉಮ್ಮಳಿಸಿ, ಮಾತೇ ಹೊರಡದಾಯಿತು. ಇಬ್ಬರು ಪಾಲಕರು ಬಂದು ಹೆಗಲಿಗೆ ಕೈ ಹಾಕಿ ಹಿಡಿದು ಕೂರಿಸಿದರು. ಸಭೆ ಮುಗಿದ ಮೇಲೆ ಜನ ಹತ್ತಿರ ಬಂದು, ನಾವಿದ್ದೇವೆ ಎಂದರು. ಗೆತ್ಸೆಮನೆಯಲ್ಲಿ ನಿದ್ದೆ ಹೋದ ಶಿಷ್ಯರು ಮಾಡದ ಕೆಲಸ ಇದು. ದೇವರ ಸಾನ್ನಿಧ್ಯ ಎಂದು ಕ್ರೈಸ್ತರು ಹೇಳುವಾಗ ಇಂಥ ಕೈಗಳನ್ನೂ ಸೇರಿಸಿಯೇ ಹೇಳುತ್ತಾರೆ ಎಂದು ನಾನು ತಿಳಿದಿದ್ದೇನೆ. ಹಾಗೆ ಎಲ್ಲರೆದುರು ಕುಸಿದದ್ದರಿಂದ ಮನಸ್ಸು ಹಗುರವಾಯಿತು ಎಂದು ಕಿಂಗ್ ಬರೆದಿದ್ದಾರೆ.

ಅದೇ ತಿಂಗಳ 27ರಂದು ಅವರ ಜಗಲಿಯಲ್ಲಿ ಸಿಡಿಯದ ಡೈನಮೈಟ್ ಕಟ್ಟು ಸಿಕ್ಕಿತು. ಕಿಂಗ್ ಊರು ಬಿಡಲಿಲ್ಲ. 1960ರವರೆಗೂ ಅದೇ ಸಭೆಯ ಪಾಲಕರಾಗಿ, ಭಾನುವಾರದ ಪ್ರಸಂಗ ಹೇಳಿಕೊಂಡು, ಮದುವೆ ಮಾಡಿಸಿಕೊಂಡು ಅಲ್ಲೇ ಇದ್ದರು.