ಮಾತೇ ಮದ್ದಾಗುವ ಮುನ್ನ

ಮೈಗೆ ಜ್ವರ ಬಂದರೆ ವೈದ್ಯರ ಮನೆ ಹುಡುಕುತ್ತೇವೆ. ಮನಸ್ಸಿಗೆ ಬಂದರೆ ನಮ್ಮ ಮನೆಯ ಬಾಗಿಲು ಹಾಕಿಕೊಳ್ಳುತ್ತೇವೆ. ಈ ರೂಢಿ ಈಚೆಗೆ ತುಸು ಸಡಿಲವಾಗಿದೆ. ಜಿಲ್ಲಾ ಕೇಂದ್ರಗಳ ಬೀದಿಗಳಲ್ಲಿಯೂ ಖಾಸಗಿ ಮನೋಚಿಕಿತ್ಸಕರ ಫಲಕಗಳು ಕಾಣುತ್ತಿವೆ. ಸಂತೋಷದ ಸಂಗತಿಯೇ. ಆದರೆ ಅಲ್ಲಿಗೆ ಹೋಗುವವರು ಏನನ್ನು ತಿಳಿದು ಹೋಗಬೇಕು? ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ಚಿಕಿತ್ಸೆಯ ಮೂಲದ್ರವ್ಯ ಮಾತು ಎಂಬುದೊಂದೇ ನನ್ನ ಅಧಿಕಾರ.

ಇದನ್ನು ‘ಮಾತಿನ ಚಿಕಿತ್ಸೆ’ ಎಂದು ಮೊದಲು ಕರೆದವರು ವೈದ್ಯರಲ್ಲ, ಒಬ್ಬ ರೋಗಿ. ವಿಯೆನ್ನಾದಲ್ಲಿ 1880ರಿಂದ 1882ರವರೆಗೆ ಯೋಸೆಫ್ ಬ್ರಾಯರ್ ಎಂಬ ವೈದ್ಯರ ಆರೈಕೆಯಲ್ಲಿದ್ದ ತರುಣಿ ಆಕೆ. ಅವಳು ಆ ಹೆಸರಿಟ್ಟದ್ದು ಇಂಗ್ಲಿಷಿನಲ್ಲಿ. ಕಾಯಿಲೆಯ ದಿನಗಳಲ್ಲಿ ತಾಯ್ನುಡಿಯಾದ ಜರ್ಮನ್ ಅವಳ ಬಾಯಿಂದ ಜಾರಿಹೋಗಿತ್ತು. ನಮ್ಮ ವಿದ್ಯಾವಂತರದು ಇದರ ಇನ್ನೊಂದು ಬಗೆ. ಚಿಕಿತ್ಸಕರ ಮುಂದೆ ಇಂಗ್ಲಿಷಿನಲ್ಲಿ ತೊಡಗುತ್ತಾರೆ. ಹೇಳಬೇಕಾದುದು ಮಾತ್ರ ಕನ್ನಡದಲ್ಲಿ ಒಳಗೇ ಉಳಿಯುತ್ತದೆ. ನಾವು ‘ಬೇಜಾರು’ ಎನ್ನುತ್ತೇವೆ. ಅದು ಬೇಸರವೂ ಆಗಬಹುದು, ದುಃಖವೂ ಆಗಬಹುದು, ಬದುಕೇ ಬೇಡವೆನ್ನುವ ಸ್ಥಿತಿಯೂ ಆಗಬಹುದು. ಈ ವ್ಯತ್ಯಾಸವನ್ನು ಕಿವಿಯಿಂದ ಹಿಡಿಯಬಲ್ಲವರು ಬೇಕು. ‘ನನ್ನೊಡನೆ ಕನ್ನಡದಲ್ಲಿ ಮಾತನಾಡುವಿರಾ?’ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಎದುರಿಗೆ ಕೂರುವವರು ಯಾರೆಂಬುದೂ ತಿಳಿದಿರಬೇಕು. ಮನೋವೈದ್ಯರು ವೈದ್ಯಕೀಯ ಪದವೀಧರರು, ಔಷಧಿ ಬರೆಯಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧಿ ಕೊಡುವುದಿಲ್ಲ. ಅವರ ಹೆಸರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ‘ಆಪ್ತಸಲಹೆಗಾರ’ ಎಂಬ ಹೆಸರಿನಡಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಇದ್ದಾರೆ, ಕೆಲವೇ ದಿನಗಳ ತರಬೇತಿಯವರೂ ಇದ್ದಾರೆ. ಫಲಕ ಇದನ್ನು ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಪತಿಯನ್ನು ಕಳೆದುಕೊಂಡ ಮೇಲೆ ಒಬ್ಬ ಸಲಹೆಗಾರರಲ್ಲಿಗೆ ಹೋದರು. ‘ಎಲ್ಲ ಮರೆತು ನಾಲ್ಕು ಜನರೊಡನೆ ಓಡಾಡಿ’ ಎಂದು ಅವರು ಹಿತವಚನ ಹೇಳಿ ಕಳಿಸಿದರು. ‘ಸಾರ್, ಇಷ್ಟು ಹೇಳಲು ಮನೆಯಲ್ಲಿ ನಮ್ಮ ಅತ್ತೆಯವರೇ ಇದ್ದರು’ ಎಂದರು ಆಕೆ, ನಗುತ್ತ. ಆದರೆ ಇನ್ನೊಬ್ಬರ ಬಾಗಿಲು ತಟ್ಟಲು ಆಕೆಗೆ ಒಂದು ವರ್ಷ ಹಿಡಿಯಿತು. ಆ ವರ್ಷದ ರಾತ್ರಿಗಳನ್ನು ಯಾರು ಹಿಂದಕ್ಕೆ ಕೊಟ್ಟಾರು? ಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ. ಹೇಳುವವರು ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳುವಂತೆ ಮಾಡುವ ಶಿಸ್ತಿನ ಆಲಿಕೆ ಅದು.

ಇನ್ನು ವ್ಯವಹಾರದ ಮಾತು. ಒಂದು ಭೇಟಿ ಸಾಮಾನ್ಯವಾಗಿ 45ರಿಂದ 50 ನಿಮಿಷ, ಬಹುಮಟ್ಟಿಗೆ ವಾರಕ್ಕೊಮ್ಮೆ. ಶುಲ್ಕವೆಷ್ಟು, ಬರಲಾಗದ ದಿನಕ್ಕೂ ಕೊಡಬೇಕೆ, ಎಷ್ಟು ಭೇಟಿಗಳ ಬಳಿಕ ಪ್ರಗತಿಯನ್ನು ಪರಿಶೀಲಿಸುತ್ತಾರೆ ಎಂಬುದನ್ನು ಆರಂಭದಲ್ಲೇ ಕೇಳಿಕೊಳ್ಳಬೇಕು. ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆದ್ದರಿಂದ ಗುಟ್ಟಿನ ಪ್ರಶ್ನೆ ದೊಡ್ಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಮನ್ನಿಸಿದೆ. ಪ್ರಾಣಾಪಾಯ, ಪರರಿಗೆ ಹಾನಿಯ ಸಂಭವ, ನ್ಯಾಯಾಲಯದ ಆದೇಶ ಮೊದಲಾದ ಕೆಲವು ಸಂದರ್ಭಗಳು ಮಾತ್ರ ಅದಕ್ಕೆ ಹೊರತು. ಚಿಕಿತ್ಸಕರು ಆ ಮಿತಿಯನ್ನು ಮೊದಲ ದಿನವೇ ತಿಳಿಸಬೇಕು.

ಮೊದಲ ಕೆಲವು ಭೇಟಿಗಳ ನಂತರ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ಮುಚ್ಚಿದ್ದ ಗಾಯವನ್ನು ತೊಳೆದಾಗ ಉರಿಯುವಂತೆ. ಅದನ್ನೂ ಅವರಿಗೆ ಹೇಳಿ. ಹಲವು ಭೇಟಿಗಳಾದರೂ ಹೊಂದಿಕೆಯಾಗದಿದ್ದರೆ ಬೇರೆಯವರಲ್ಲಿಗೆ ಹೋಗುವುದು ದ್ರೋಹವಲ್ಲ. ಆದರೆ ವೈದ್ಯರು ಕೊಟ್ಟ ಔಷಧಿಯನ್ನು ತಾನಾಗಿ ನಿಲ್ಲಿಸಕೂಡದು. ಜೀವ ಕಳೆದುಕೊಳ್ಳುವ ಯೋಚನೆ ಬಂದರೆ ಮುಂದಿನ ವಾರದ ಭೇಟಿಗೆ ಕಾಯಲೇಬಾರದು. ಹತ್ತಿರದ ಆಸ್ಪತ್ರೆಗೆ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಇಷ್ಟೆಲ್ಲ ಕೇಳಿದರೆ ಉದ್ಧಟತನವಾದೀತೆಂದು ನಮ್ಮ ಜನ ಅಳುಕುತ್ತಾರೆ. ಹಿರಿಯರನ್ನು, ವೈದ್ಯರನ್ನು ಪ್ರಶ್ನಿಸಬಾರದೆಂದು ಕಲಿತು ಬೆಳೆದವರು ನಾವು. ಆದರೆ ಯಮನ ಮುಂದೆ ಕೂತು ಪ್ರಶ್ನೆ ಬಿಡದೆ ಕೇಳಿದ ನಚಿಕೇತನೂ ನಮ್ಮವನೇ. ಯಮ ಅವನನ್ನು ಮೆಚ್ಚಿದನೇ ಹೊರತು ಗದರಲಿಲ್ಲ. ಒಳ್ಳೆಯ ಚಿಕಿತ್ಸಕರು ನಿಮ್ಮ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬೇಸರಿಸಿದರೆ, ತಿಳಿಯಬೇಕಾದುದು ನಿಮಗೆ ಮೊದಲ ದಿನವೇ ತಿಳಿದಂತಾಯಿತು.