ಹಾಡು ಕಟ್ಟುವ ಮಗುವಿಗೆ ಕಿವಿಗೊಡಿರಿ



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಲಸಿಕೆ, ಮಿತ ಸಂತಾನ ಇಷ್ಟೇ ಅಲ್ಲ. ಹುಟ್ಟಿದ ಮಗುವಿನ ಮನಸ್ಸು ಅರಳುವಂತೆ ನೋಡಿಕೊಳ್ಳುವುದೂ ಅದರ ಅಂಗವಾಗಿದೆ. ಇಂದು ಹಳ್ಳಿಯ ಮಕ್ಕಳೂ ಮೊಬೈಲಿನಲ್ಲಿ ಹಿಪ್‌ಹಾಪ್ ಸಂಗೀತವನ್ನು ಕೇಳುತ್ತಾರೆ. ತಾಳಕ್ಕೆ ಹೊಂದುವಂತೆ ಪ್ರಾಸಬದ್ಧ ಮಾತುಗಳನ್ನು ಕಟ್ಟಿ ನುಡಿಯಲು ಕೆಲವರು ತೊಡಗುತ್ತಾರೆ. “ಇದೆಂತಹ ಗದ್ದಲ!” ಎಂದು ಗದರಿಸುವ ಮುನ್ನ ಅದರ ಹುಟ್ಟನ್ನು ಅರಿಯುವುದು ಒಳ್ಳೆಯದು.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರಾಂಕ್ಸ್ ಎಂಬ ಭಾಗವಿದೆ. ಜಮೈಕಾದಿಂದ ಬಂದ ಕುಟುಂಬವೊಂದು ಅಲ್ಲಿ ನೆಲೆಸಿತ್ತು. ಆ ಮನೆಯ ಮಗಳು ಸಿಂಡಿ ಕ್ಯಾಂಬೆಲ್, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು, 1973ರ ಆಗಸ್ಟ್ 11ರಂದು ನೃತ್ಯಕೂಟವೊಂದನ್ನು ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. 18 ವರ್ಷದ ಅಣ್ಣ ಕ್ಲೈವ್, ತಂದೆಯ ಧ್ವನಿವರ್ಧಕವನ್ನು ಬಳಸಿ ಹಾಡುಗಳನ್ನು ನುಡಿಸಿದನು. ಹಿಪ್‌ಹಾಪ್ ಹುಟ್ಟಿದ್ದು ಅಂದೇ ಎಂದು ಎಣಿಸುವುದು ವಾಡಿಕೆ. 1982ರಲ್ಲಿ ಬಂದ ‘ದಿ ಮೆಸೇಜ್’ ಎಂಬ ಹಾಡು ಬಡವರ ಕೇರಿಯ ಬವಣೆಯನ್ನು ಲೋಕಕ್ಕೆ ತಿಳಿಸಿತು. 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ಗಾಯಕರಿಗೆ ಪ್ರತಿಷ್ಠಿತ ಪುಲಿಟ್ಜರ್ ಪ್ರಶಸ್ತಿಯೇ ದೊರೆಯಿತು.

ನಮಗೂ ಇದು ತೀರ ಅಪರಿಚಿತವಲ್ಲ. ದಪ್ಪು, ತುಂತುಣಿಗಳ ತಾಳಕ್ಕೆ ಹರದೇಶಿ-ನಾಗೇಶಿ ಮೇಳಗಳು ಸವಾಲು-ಜವಾಬು ಹಾಡುವುದನ್ನು ಉತ್ತರ ಕರ್ನಾಟಕದ ಹಿರಿಯರು ರಾತ್ರಿಯಿಡೀ ಕೇಳಿದ್ದಾರೆ. ಇಂದು ಕನ್ನಡದಲ್ಲಿಯೂ ರ‍್ಯಾಪ್ ಹಾಡುವವರಿದ್ದಾರೆ.

ತಂದೆತಾಯಂದಿರು ಮಾಡಬೇಕಾದುದೇನು? ಮೊದಲು, ಕುಳಿತು ಕೇಳಿರಿ. “ನೀನು ಕಣ್ಣಾರೆ ಕಂಡದ್ದೇನು? ಅದನ್ನು ಹಾಡಾಗಿಸು” ಎನ್ನಿರಿ. ಬತ್ತಿದ ಬಾವಿ, ಶಾಲೆ ಬಿಟ್ಟ ಗೆಳತಿ, ಸಾಲದ ಚಿಂತೆ, ಎಲ್ಲವೂ ಹಾಡಿಗೆ ವಸ್ತುವೇ. ಒಂದು ವೇಳೆ ನಿಮ್ಮದೇ ಮನೆಯ ಕುಡಿತ, ಜಗಳಗಳು ಆ ಹಾಡಿನಲ್ಲಿ ಕೇಳಿಬಂದರೆ ಕೋಪಗೊಳ್ಳಬೇಡಿರಿ. ನೇರವಾಗಿ ಹೇಳಲಾರದ ನೋವನ್ನು ಮಗು ತಾಳದ ಆಸರೆಯಿಂದ ಹೇಳಿರುತ್ತದೆ. ಆಗ ಬಾಯಿ ಮುಚ್ಚಿಸಿದರೆ ಆ ನೋವು ಮತ್ತೆಂದೂ ನಿಮ್ಮ ಕಿವಿಗೆ ಬೀಳದೆ ಹೋಗಬಹುದು.

ಎರಡನೆಯದಾಗಿ, ಕೆಲವು ಹಾಡುಗಳಲ್ಲಿ ಬೈಗುಳ, ಹೆಣ್ಣಿನ ಅವಹೇಳನ, ಮಾದಕ ವಸ್ತುಗಳ ಹೊಗಳಿಕೆ ಇರುವುದು ನಿಜ. ಹೊಡೆದು ಬಿಡಿಸುವ ಬದಲು, “ಈ ಮಾತನ್ನು ನಿನ್ನ ತಂಗಿಯ ಮುಂದೆ ಹಾಡಬಲ್ಲೆಯಾ?” ಎಂದು ಕೇಳಿರಿ. ಮಗು ತಾನೇ ಯೋಚಿಸುತ್ತದೆ.

ಮೂರನೆಯದಾಗಿ, ಆರೋಗ್ಯವನ್ನು ಮರೆಯಬೇಡಿರಿ. ಕಿವಿಗೆ ಸಿಕ್ಕಿಸುವ ಇಯರ್‌ಫೋನಿನ ಧ್ವನಿ ಗರಿಷ್ಠ ಮಟ್ಟದ ಶೇಕಡ 60ನ್ನು ಮೀರದಿರಲಿ. ಅತಿಯಾದ ಸದ್ದಿನಿಂದ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಹಾಳಾದರೆ ಅವು ಮತ್ತೆ ಬೆಳೆಯುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕ. ಓದಿಗೂ ಹಾಡಿಗೂ ಬೇರೆ ಬೇರೆ ವೇಳೆಯನ್ನು ಗೊತ್ತುಪಡಿಸಿರಿ.

ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದು ನೋಟ್‌ಬುಕ್ಕು, ತಾಳಕ್ಕೆ ಒಂದು ಕೊಡ ಸಾಕು. ಮಗನಿಗೆ ಕೊಡುವ ಪ್ರೋತ್ಸಾಹವನ್ನು ಮಗಳಿಗೂ ಕೊಡಿರಿ. ಮಕ್ಕಳು ಮಿತವಾಗಿದ್ದರೆ ಪ್ರತಿಯೊಬ್ಬರ ಮಾತಿಗೂ ಕಿವಿಗೊಡಲು ಬಿಡುವು ದೊರೆಯುತ್ತದೆ. ಆ ಬಿಡುವನ್ನು ಇಂದು ಸಂಜೆಯೇ ನಿಮ್ಮ ಮಗುವಿಗೆ ಮೀಸಲಿಡಿರಿ.