ಕಲ್ಲು ಮಸುಕು, ಹುಲ್ಲು ಸ್ಪಷ್ಟ

ಕನ್ನಡದ ಮೇಷ್ಟರಿಗೆ ಕ್ಯಾಮರಾದ ಗೊಡವೆ ಏಕೆಂದು ನೀವು ಕೇಳಬಹುದು. ಶಾಸನಗಳ ಬೆನ್ನು ಹತ್ತಿ ಅಲೆದವನಿಗೆ ಅದು ಲೇಖನಿಯಷ್ಟೇ ಅಗತ್ಯವಾದ ಉಪಕರಣ. 1989ರಲ್ಲಿ ಹಾಸನ ಜಿಲ್ಲೆಯ ಹಳ್ಳಿಯೊಂದರ ಕೆರೆಯ ಏರಿಯ ಬುಡದಲ್ಲಿ ಒಂದು ವೀರಗಲ್ಲನ್ನು ಕಂಡೆವು. ಮೂರೇ ಸಾಲು ಬರಹ, ಅದೂ ಸವೆದದ್ದು. ಹೊತ್ತು ಮುಳುಗುತ್ತಿತ್ತು. ನನ್ನ ವಿದ್ಯಾರ್ಥಿಯೊಬ್ಬ ಚಿತ್ರ ತೆಗೆದ. ಫಿಲ್ಮು ತೊಳೆದು ಬಂದಾಗ ಒಂದಕ್ಷರವೂ ಓದುವಂತಿರಲಿಲ್ಲ. ಮತ್ತೆ ಹೋಗುವಷ್ಟರಲ್ಲಿ ಏರಿಯ ದುರಸ್ತಿ ನಡೆದು ಕಲ್ಲು ಮಣ್ಣಿನೊಳಗೆ ಸೇರಿಹೋಗಿತ್ತು. "ನಿನ್ನ ಕೈ ನಡುಗಿದೆ" ಎಂದು ನಾಲ್ಕು ಜನರೆದುರು ಅವನನ್ನು ಗದರಿಸಿದೆ. ಆತ ಎದುರಾಡಲಿಲ್ಲ; ಮತ್ತೆಂದೂ ನನ್ನೊಡನೆ ಕ್ಷೇತ್ರಕಾರ್ಯಕ್ಕೆ ಬರಲೂ ಇಲ್ಲ.

ನಿವೃತ್ತನಾದ ಮೇಲೆ ಆ ನೆಗೆಟಿವನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಲ್ಲಿಗಿಂತ ಗೇಣು ಈಚೆಗಿದ್ದ ಹುಲ್ಲು ಎಸಳೆಸಳಾಗಿ ಮೂಡಿತ್ತು! ಕೈ ನಡುಗಿದ್ದರೆ ಹುಲ್ಲೂ ಕಲ್ಲೂ ಒಟ್ಟಿಗೇ ಕದಡಬೇಕಾಗಿತ್ತು. ಸಾಕ್ಷ್ಯ ಅಷ್ಟು ವರ್ಷವೂ ನನ್ನ ಪೆಟ್ಟಿಗೆಯಲ್ಲೇ ಇತ್ತು.

ರಿಫ್ಲೆಕ್ಸ್ ಕ್ಯಾಮರಾದಲ್ಲಿ ನಮ್ಮ ಕಣ್ಣು ಕಾಣುವುದು ಫಿಲ್ಮಿನ ಮೇಲೆ ಬೀಳುವ ಬಿಂಬವನ್ನಲ್ಲ. ಮಸೂರದಿಂದ ಬಂದ ಬೆಳಕನ್ನು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯು ಮೇಲಕ್ಕೆ ತಿರುಗಿಸಿ ಮಸುಕುಗಾಜಿನ ತೆರೆಯ ಮೇಲೆ ಕೆಡವುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕು ಫಿಲ್ಮಿಗೆ ಹರಿಯುತ್ತದೆ. ಮಸೂರ ಕೂರುವ ಬಳೆಯಿಂದ ಈ ಎರಡು ದಾರಿಗಳ ಅಳತೆಯೂ ಒಂದೇ ಆಗಿರಬೇಕು. 1959ರಲ್ಲಿ ಬಂದ ನಿಕಾನ್ ಎಫ್‌ನಲ್ಲಿ ಅದು 46.5 ಮಿಲಿಮೀಟರು. ರಂಧ್ರವನ್ನು ಪೂರ್ತಿ ತೆರೆದಾಗ ಮಿಲಿಮೀಟರಿನ ಹತ್ತನೆಯ ಒಂದು ಪಾಲು ವ್ಯತ್ಯಾಸವೂ ಚಿತ್ರದಲ್ಲಿ ಕಂಡುಬಿಡುತ್ತದೆ.

ಗ್ರಂಥಸಂಪಾದನೆಯಲ್ಲಿ ಅಪಪಾಠವೊಂದು ಯಾವ ಲಿಪಿಕಾರನ ಕೈಯಲ್ಲಿ ಹುಟ್ಟಿತೆಂದು ಹುಡುಕುತ್ತೇವಷ್ಟೆ. ಎಲ್ಲ ಪ್ರತಿಗಳಲ್ಲೂ ಒಂದೇ ತಪ್ಪಿದ್ದರೆ ಅವುಗಳ ಮೂಲಪ್ರತಿಯನ್ನು ಸಂದೇಹಿಸುತ್ತೇವೆ. ನಾನೂ ಆ ದಾರಿಯನ್ನೇ ಹಿಡಿದೆ. ಕ್ಯಾಮರಾವನ್ನು ಅಲುಗದಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ವೃತ್ತಪತ್ರಿಕೆಯ ಹಾಳೆಯೊಂದನ್ನು ಓರೆಯಾಗಿ ಇರಿಸಿ, ನಡುವಿನ ಸಾಲಿಗೆ ಗೆರೆ ಎಳೆದು, ರಂಧ್ರವನ್ನು ಪೂರ್ತಿ ತೆರೆದು ಆ ಸಾಲಿಗೇ ಫೋಕಸ್ ಮಾಡಿದೆ. ಫಿಲ್ಮಿನಲ್ಲಿ ಸ್ಪಷ್ಟವಾದದ್ದು ಈಚೆಯ ಸಾಲುಗಳು. ಎರವಲು ತಂದ ಮಸೂರದಲ್ಲೂ ಅದೇ ಅಪಪಾಠ. ನನ್ನ ಕಣ್ಣಿನ ಮೇಲೂ ಸಂಶಯವಿತ್ತು, ಈ ವಯಸ್ಸಿನಲ್ಲಿ ಇರಬೇಕಾದದ್ದೇ; ಮೊಮ್ಮಗಳ ಕೈಗೆ ಕೊಟ್ಟೆ. ಫಲ ಬದಲಾಗಲಿಲ್ಲ.

ಕೊನೆಗೆ ಫಿಲ್ಮು ತೆಗೆದು, ಹಿಂಬಾಗಿಲು ತೆರೆದು, ಫಿಲ್ಮು ಸಾಗುವ ಕಂಬಿಗಳ ಮೇಲೆ ಮಸುಕುಗಾಜಿನ ತುಂಡೊಂದನ್ನು ಅದರ ಮಸುಕು ಮುಖ ಮಸೂರದತ್ತ ಇರುವಂತೆ ಇಟ್ಟೆ. ಶಟರನ್ನು 'ಬಿ'ಯಲ್ಲಿ ತೆರೆದು ಹಿಡಿದು ದೂರದ ಬೆಟ್ಟವನ್ನು ನೋಡಿದೆ. ಮಸೂರದ ಉಂಗುರ ಅನಂತದ ಗುರುತಿನಲ್ಲಿರುವಾಗ ಗಾಜಿನ ಮೇಲೆ ಬೆಟ್ಟದ ಅಂಚು ಗೆರೆ ಕೊರೆದಂತಿತ್ತು. ವ್ಯೂಫೈಂಡರಿನಲ್ಲಿ ಅದೇ ಬೆಟ್ಟ ಸ್ಪಷ್ಟವಾಗಬೇಕಾದರೆ ಉಂಗುರವನ್ನು ಅನಂತದಿಂದ ಈಚೆಗೆ ತಿರುಗಿಸಬೇಕಾಯಿತು. ಫಿಲ್ಮಿನ ದಾರಿ ನೆಟ್ಟಗಿದೆ. ಕಣ್ಣಿನ ದಾರಿ ಗಿಡ್ಡವಾಗಿದೆ!

ಬಲ್ಲವರಿಂದ ತೆರೆಯನ್ನು ತೆಗೆಸಿದಾಗ ಅದರಡಿಯಲ್ಲಿ ಇರಬೇಕಾಗಿದ್ದ ತಗಡಿನ ತೆಳುಪಟ್ಟಿಗಳು ಇರಲಿಲ್ಲ. ಆ ಪ್ರವಾಸಕ್ಕೆ ಮೊದಲು ಧೂಳು ತೆಗೆಯಲೆಂದು ಕ್ಯಾಮರಾವನ್ನು ರಿಪೇರಿಗೆ ಕೊಟ್ಟವನು ನಾನು. ಮರಳಿ ಬಂದ ಮೇಲೆ ಒಂದು ಪರೀಕ್ಷೆಯ ಚಿತ್ರವನ್ನೂ ತೆಗೆಯದೆ ಹುಡುಗನ ಕೈಗಿತ್ತವನೂ ನಾನೇ. ಉಳಿದ ಚಿತ್ರಗಳೆಲ್ಲ ಬಿಸಿಲಿನಲ್ಲಿ, ಕಿರಿದಾದ ರಂಧ್ರದಿಂದ ತೆಗೆದವು. ಕಿರಿರಂಧ್ರ ಇಂತಹ ದೋಷವನ್ನು ಮುಚ್ಚಿಹಾಕುತ್ತದೆ.

ಹುಲ್ಲಿನ ಭಾಗವನ್ನು ದೊಡ್ಡದು ಮಾಡಿಸಿ, ಇಡೀ ಚಿತ್ರದ ಪ್ರತಿಯನ್ನೂ ಸೇರಿಸಿ, ತಪ್ಪೊಪ್ಪಿಗೆಯ ಪತ್ರದೊಡನೆ ಆತನಿಗೆ ಕಳುಹಿಸಿದೆ. ಆತನೂ ಈಗ ನಿವೃತ್ತಿಯ ಅಂಚಿನಲ್ಲಿರುವ ಅಧ್ಯಾಪಕ. ಉತ್ತರ ಒಂದೇ ವಾಕ್ಯ: "ಸಾರ್, ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಗಕಾರ ಇದ್ದಂತೆ ತೋರುತ್ತದೆ, ತಾವೂ ದಯವಿಟ್ಟು ನೋಡಿ."

ನೋಡುತ್ತಿದ್ದೇನೆ.